ವಿದೇಶದಲ್ಲಿ ವಾಹನ ಚಾಲನೆ: ಚಾಲಕರ ಹಾಗೂ ವಾಹನದ ಪೂರ್ವಸಿದ್ಧತೆ

(ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಹಳಿಯಾಳ ಭಾಗದ ಜನರಿಗೆ ಒಂದು ಕಾಲದಲ್ಲಿ ವಿದೇಶವು ಅನಮೋಡ ಘಟ್ಟದ ಕೆಳಗೇ ಇತ್ತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಳ್ಳುವವರೆಗೆ, ಇಂದಿನ ಜೋಯಿಡಾ ತಾಲ್ಲೂಕಿನ ಪಶ್ಚಿಮದ ಗಡಿಯು ಪೋರ್ಚುಗೀಸ್ ಆಡಳಿತದ ಪ್ರದೇಶದೊಂದಿಗಿನ ಗಡಿಯಾಗಿತ್ತು. ಪೋರ್ಚುಗಲ್ ದೇಶವು 1928ರಲ್ಲಿ ರಸ್ತೆಯ ಬಲಬದಿಯ ಸಂಚಾರಕ್ಕೆ ಬದಲಾಯಿತಾದರೂ ಗೋವಾದಲ್ಲಿ ಎಡಬದಿಯ ಸಂಚಾರವೇ ಮುಂದುವರಿದಿತ್ತು. ಇಂದು ರಾಮನಗರದಿಂದ ಅನಮೋಡದ ಮೂಲಕ ಮೊಲ್ಲೆಂಗೆ ಇಳಿಯುವ ವಾಹನ ಮಾಲೀಕರು ತಮ್ಮ ಸಾಮಾನ್ಯ ಚಾಲನಾ ಅನುಜ್ಞಾ ಪತ್ರ, ನೋಂದಣಿ ಪ್ರಮಾಣ ಪತ್ರ ಹಾಗೂ ವಿಮಾ ಪತ್ರಗಳೊಂದಿಗೆ ಪ್ರಯಾಣಿಸಬಹುದು. ಕರ್ನಾಟಕದಲ್ಲಿ ನೀಡಲಾದ ಈ ದಾಖಲೆಗಳು ಭಾರತದ ಎಲ್ಲ ರಾಜ್ಯಗಳಲ್ಲಿಯೂ ಮಾನ್ಯವಾಗಿರುವುದೇ ಇದಕ್ಕೆ ಕಾರಣ.

ದೇಶದ ಗಡಿಯನ್ನು ದಾಟಿದಾಗ ಈ ಅನುಕೂಲ ಕೊನೆಗೊಳ್ಳುತ್ತದೆ. ಉದ್ಯೋಗ, ವಿದ್ಯಾಭ್ಯಾಸ, ಮಕ್ಕಳ ಭೇಟಿ ಅಥವಾ ಪ್ರವಾಸದ ನಿಮಿತ್ತ ಹೊರದೇಶಕ್ಕೆ ತೆರಳಿ ಅಲ್ಲಿ ವಾಹನ ಚಲಾಯಿಸಲು ಬಯಸುವ ನಾಗರಿಕರ ಸಂಖ್ಯೆ ಈ ಭಾಗದಲ್ಲಿಯೂ ಹೆಚ್ಚುತ್ತಿದೆ. ಇಂತಹವರು ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ನಾಗರಿಕರು ಮೊದಲಿಗೆ ಗಮನಿಸಬೇಕಾದ ವಿಷಯವೇನೆಂದರೆ, ವಿದೇಶದಲ್ಲಿ ವಾಹನ ಚಾಲನೆಗೆ ಮೂರು ಬೇರೆ ಬೇರೆ ಅನುಮತಿಗಳು ಬೇಕಾಗುತ್ತವೆ. ಮೊದಲನೆಯದು ಚಾಲಕರಿಗೆ ಸಂಬಂಧಿಸಿದ್ದು. ಎರಡನೆಯದು ವಾಹನಕ್ಕೆ ಸಂಬಂಧಿಸಿದ್ದು. ಮೂರನೆಯದು ಅಪಘಾತವಾದಲ್ಲಿ ನಷ್ಟವನ್ನು ಭರಿಸುವವರು ಯಾರು ಎಂಬುದಕ್ಕೆ ಸಂಬಂಧಿಸಿದ್ದು. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಮತ್ತೊಂದು ಇದ್ದಂತಾಗುವುದಿಲ್ಲ. ಈ ಮೂರರ ಮೂಲ ದಾಖಲೆಗಳೂ ಅರ್ಜಿದಾರರ ಸ್ವಂತ ಊರಿನಲ್ಲಿಯೇ ಇರುತ್ತವೆ. ಆದುದರಿಂದ ಅವುಗಳಲ್ಲಿನ ದೋಷಗಳನ್ನು ಹೊರಡುವ ಮುನ್ನ ಸರಿಪಡಿಸುವುದು ಸುಲಭ; ಗಡಿಯಲ್ಲಿ ನಿಂತು ಸರಿಪಡಿಸುವುದು ಬಹುತೇಕ ಅಸಾಧ್ಯ.

1. ಚಾಲನಾ ಅನುಜ್ಞಾ ಪತ್ರದ ಪರಿಶೀಲನೆ

ಅಂತರರಾಷ್ಟ್ರೀಯ ಚಾಲನಾ ಅನುಜ್ಞಾ ಪತ್ರಕ್ಕೆ ಅರ್ಜಿ ಸಲ್ಲಿಸುವ ಮೊದಲು ಅರ್ಜಿದಾರರು ತಮ್ಮ ಭಾರತೀಯ ಚಾಲನಾ ಅನುಜ್ಞಾ ಪತ್ರವನ್ನು ಕೆಳಕಂಡ ನಾಲ್ಕು ಅಂಶಗಳಿಗಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

ಅ) ಅವಧಿ: 2019ರ ತಿದ್ದುಪಡಿಯ ನಂತರ ಖಾಸಗಿ ವಾಹನಗಳ ಚಾಲನಾ ಅನುಜ್ಞಾ ಪತ್ರವು 30 ವರ್ಷದೊಳಗಿನವರಿಗೆ 40 ವರ್ಷ ವಯಸ್ಸಾಗುವವರೆಗೆ, 30ರಿಂದ 50 ವರ್ಷದೊಳಗಿನವರಿಗೆ 10 ವರ್ಷಗಳಿಗೆ, 50ರಿಂದ 55 ವರ್ಷದೊಳಗಿನವರಿಗೆ 60 ವರ್ಷ ವಯಸ್ಸಾಗುವವರೆಗೆ ಹಾಗೂ 55 ವರ್ಷ ಮೇಲ್ಪಟ್ಟವರಿಗೆ 5 ವರ್ಷಗಳಿಗೆ ನೀಡಲ್ಪಡುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮುಂಚಿತವಾಗಿಯೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಅವಧಿ ಮುಗಿದು ಒಂದು ವರ್ಷ ಮೀರಿದಲ್ಲಿ ಚಾಲನಾ ಪರೀಕ್ಷೆಗೆ ಮತ್ತೆ ಹಾಜರಾಗಬೇಕಾಗುತ್ತದೆ.

ಆ) ಹೆಸರು: ಚಾಲನಾ ಅನುಜ್ಞಾ ಪತ್ರದಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ತಾಳೆಯಾಗಬೇಕು. ನಮ್ಮ ಭಾಗದಲ್ಲಿ ತಂದೆಯ ಹೆಸರು ಹಾಗೂ ಮನೆತನದ ಹೆಸರುಗಳನ್ನು ಕೇವಲ ಮೊದಲಕ್ಷರಗಳಲ್ಲಿ ಬರೆಯುವ ರೂಢಿಯಿದೆ. ಪಾಸ್‌ಪೋರ್ಟಿನಲ್ಲಿ ಅವೇ ಹೆಸರುಗಳು ವಿಸ್ತೃತವಾಗಿ ಬೇರೆ ಕ್ರಮದಲ್ಲಿ ಇರುತ್ತವೆ. ವಿವಾಹಾನಂತರ ಹೆಸರು ಬದಲಾಯಿಸಿಕೊಂಡ ಮಹಿಳೆಯರಲ್ಲಿಯೂ ಈ ವ್ಯತ್ಯಾಸ ಕಂಡುಬರುತ್ತದೆ. ಇಲ್ಲಿನ ಕಚೇರಿಗಳಲ್ಲಿ ಸಹಜವೆನಿಸುವ ಈ ವ್ಯತ್ಯಾಸವು ವಿದೇಶದ ಪೊಲೀಸ್ ಅಧಿಕಾರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳ ದಾಖಲೆಯಂತೆ ತೋರಬಹುದು.

ಇ) ವಾಹನದ ವರ್ಗ: ಚಾಲನಾ ಅನುಜ್ಞಾ ಪತ್ರದಲ್ಲಿ ಕೇವಲ ಲಘು ಮೋಟಾರು ವಾಹನ ನಮೂದಾಗಿದ್ದಲ್ಲಿ ವಿದೇಶದಲ್ಲಿ ಮೋಟಾರ್ ಸೈಕಲ್ ಚಲಾಯಿಸುವಂತಿಲ್ಲ. ಪ್ರವಾಸಿ ತಾಣಗಳಲ್ಲಿ ಬಾಡಿಗೆಗೆ ದ್ವಿಚಕ್ರ ವಾಹನ ಪಡೆಯುವವರು ಈ ಅಂಶವನ್ನು ಮರೆಯುವುದು ಸಾಮಾನ್ಯ.

ಈ) ಗಣಕೀಕರಣ: ಹಿಂದೆ ಪುಸ್ತಿಕೆಯ ರೂಪದಲ್ಲಿ ನೀಡಲಾದ ಚಾಲನಾ ಅನುಜ್ಞಾ ಪತ್ರಗಳ ವಿವರವು ಸಾರಥಿ ದತ್ತಾಂಶದಲ್ಲಿ ಇಲ್ಲದಿದ್ದಲ್ಲಿ ಆನ್‌ಲೈನ್ ಅರ್ಜಿ ಮುಂದುವರಿಯುವುದಿಲ್ಲ. ಇಂತಹವರು ಮೂಲ ಪುಸ್ತಿಕೆಯೊಂದಿಗೆ ಅದನ್ನು ನೀಡಿದ ಸಾರಿಗೆ ಕಚೇರಿಯನ್ನು ಮುಂಚಿತವಾಗಿ ಸಂಪರ್ಕಿಸತಕ್ಕದ್ದು.

2. ಅಂತರರಾಷ್ಟ್ರೀಯ ಚಾಲನಾ ಅನುಜ್ಞಾ ಪತ್ರ

1949ರಲ್ಲಿ ಜಿನೀವಾದಲ್ಲಿ ಆದ ರಸ್ತೆ ಸಂಚಾರ ಒಡಂಬಡಿಕೆಗೆ ಭಾರತವೂ ಸದಸ್ಯ ರಾಷ್ಟ್ರವಾಗಿದೆ. ಈ ಒಡಂಬಡಿಕೆಯಂತೆ ನೀಡಲಾಗುವ ಅಂತರರಾಷ್ಟ್ರೀಯ ಚಾಲನಾ ಅನುಜ್ಞಾ ಪತ್ರವು ಮೂಲತಃ ಒಂದು ಭಾಷಾಂತರ ಪುಸ್ತಿಕೆ. ಭಾರತೀಯ ಚಾಲನಾ ಅನುಜ್ಞಾ ಪತ್ರದಲ್ಲಿರುವ ಅರ್ಹತೆಯನ್ನು ಅದು ಅನ್ಯ ಭಾಷೆಗಳಲ್ಲಿ ತಿಳಿಸುತ್ತದೆಯೇ ಹೊರತು ಹೊಸ ಅರ್ಹತೆಯನ್ನು ನೀಡುವುದಿಲ್ಲ. ಆದುದರಿಂದ ಮೂಲ ಚಾಲನಾ ಅನುಜ್ಞಾ ಪತ್ರವನ್ನು ಮನೆಯಲ್ಲಿಟ್ಟು ಕೇವಲ ಈ ಪುಸ್ತಿಕೆಯನ್ನು ಒಯ್ದಲ್ಲಿ ಪ್ರಯೋಜನವಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಡ್ಡಾಯ.

ಅರ್ಜಿಯನ್ನು ವಾಸಸ್ಥಳದ ವ್ಯಾಪ್ತಿಯ ಸಾರಿಗೆ ಕಚೇರಿಗೆ ಸಾರಥಿ ಪೋರ್ಟಲ್ ಮೂಲಕ ಸಲ್ಲಿಸಬೇಕು. ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ (ಕೆಎ-30), ಶಿರಸಿ (ಕೆಎ-31), ಹೊನ್ನಾವರ (ಕೆಎ-47) ಹಾಗೂ ದಾಂಡೇಲಿ (ಕೆಎ-65) ಕಚೇರಿಗಳಿವೆ. ತಮ್ಮ ಗ್ರಾಮವು ಯಾವ ಕಚೇರಿಯ ವ್ಯಾಪ್ತಿಗೆ ಒಳಪಡುತ್ತದೆ ಎಂಬುದನ್ನು ಅರ್ಜಿ ಭರ್ತಿ ಮಾಡುವಾಗ ಖಚಿತಪಡಿಸಿಕೊಳ್ಳತಕ್ಕದ್ದು.

ಅರ್ಜಿಗೆ ಬೇಕಾಗುವ ದಾಖಲೆಗಳು ಇಂತಿವೆ:

- ಭೇಟಿ ನೀಡುವ ದೇಶಗಳು ಹಾಗೂ ಅವಧಿಯನ್ನು ನಮೂದಿಸಿದ ನಮೂನೆ 4ಎ
- ಚಾಲ್ತಿಯಲ್ಲಿರುವ ಚಾಲನಾ ಅನುಜ್ಞಾ ಪತ್ರ
- ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಅನ್ವಯಿಸುವಲ್ಲಿ ವೀಸಾ
- ಇತ್ತೀಚಿನ ಭಾವಚಿತ್ರಗಳು
- ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 32ರಂತೆ ರೂ. 1,000 ಶುಲ್ಕ ಹಾಗೂ ಅನ್ವಯಿಸುವ ಇತರ ಸೇವಾ ಶುಲ್ಕ

ಸದರಿ ಅನುಜ್ಞಾ ಪತ್ರವು ನೀಡಿದ ದಿನಾಂಕದಿಂದ ಒಂದು ವರ್ಷದವರೆಗೆ ಅಥವಾ ಮೂಲ ಚಾಲನಾ ಅನುಜ್ಞಾ ಪತ್ರದ ಅವಧಿ ಮುಗಿಯುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಮಾನ್ಯವಾಗಿರುತ್ತದೆ. 2022ರ ಆಗಸ್ಟ್ ತಿಂಗಳ ಅಧಿಸೂಚನೆಯಂತೆ ದೇಶದಾದ್ಯಂತ ಇದರ ಗಾತ್ರ, ನಮೂನೆ ಹಾಗೂ ಬಣ್ಣವನ್ನು ಏಕರೂಪಗೊಳಿಸಲಾಗಿದ್ದು, ಮೂಲ ಚಾಲನಾ ಅನುಜ್ಞಾ ಪತ್ರದೊಂದಿಗೆ ಜೋಡಿಸುವ ಕ್ಯೂಆರ್ ಸಂಕೇತವನ್ನು ಅಳವಡಿಸಲಾಗಿದೆ. ವಿದೇಶದಲ್ಲಿರುವಾಗ ಅವಧಿ ಮುಗಿದಲ್ಲಿ ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸುವ ಅವಕಾಶವನ್ನು 2021ರ ಜನವರಿ ತಿಂಗಳ ಅಧಿಸೂಚನೆಯು ಕಲ್ಪಿಸಿದೆ.

ಉದಾಹರಣೆ: ದಾಂಡೇಲಿಯ ಕಾರ್ಖಾನೆಯೊಂದರಿಂದ ನಿವೃತ್ತರಾದ 60 ವರ್ಷದ ಒಬ್ಬರು ಬ್ರಿಟನ್ನಿನಲ್ಲಿರುವ ಮಗಳ ಮನೆಗೆ ಜುಲೈ ತಿಂಗಳಲ್ಲಿ ಆರು ತಿಂಗಳ ಕಾಲ ತೆರಳುವರು ಎಂದಿಟ್ಟುಕೊಳ್ಳಬಹುದು. ಮಗಳಿಗೆ ಹೆರಿಗೆಯ ಸಮಯ. ಅಳಿಯನು ಕೆಲಸಕ್ಕೆ ಹೋದಾಗ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವ ಹೊಣೆ ತಂದೆಯದು. ಅವರ ಚಾಲನಾ ಅನುಜ್ಞಾ ಪತ್ರದ ಅವಧಿ ಆಗಸ್ಟ್ ತಿಂಗಳಲ್ಲಿ ಮುಗಿಯುತ್ತದೆ. ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಅನುಜ್ಞಾ ಪತ್ರ ಪಡೆದರೂ ಅದು ಆಗಸ್ಟ್‌ನಲ್ಲಿಯೇ ಕೊನೆಗೊಳ್ಳುತ್ತದೆ. ಆ ನಂತರ ಅವರು ಸ್ಟೀರಿಂಗ್ ಹಿಡಿದ ಪ್ರತಿ ಬಾರಿಯೂ ಅನುಜ್ಞಾ ಪತ್ರವಿಲ್ಲದ ಚಾಲಕರೆನಿಸುತ್ತಾರೆ. ಅಪಘಾತವಾದಲ್ಲಿ ವಿಮೆಯೂ ಪ್ರಶ್ನಾರ್ಹವಾಗುತ್ತದೆ. ಇದೇ ವ್ಯಕ್ತಿಯು ಮೇ ತಿಂಗಳಲ್ಲಿ ನಮೂನೆ 1ಎ ವೈದ್ಯಕೀಯ ಪ್ರಮಾಣ ಪತ್ರದೊಂದಿಗೆ ನವೀಕರಣ ಮಾಡಿಸಿಕೊಂಡು, ಹೊಸ ಪತ್ರ ಕೈಗೆ ಬಂದ ಮೇಲೆ ಅಂತರರಾಷ್ಟ್ರೀಯ ಅನುಜ್ಞಾ ಪತ್ರಕ್ಕೆ ಅರ್ಜಿ ಸಲ್ಲಿಸಿದ್ದಲ್ಲಿ ಈ ತೊಂದರೆಯೇ ಉದ್ಭವಿಸುವುದಿಲ್ಲ. ಕ್ರಮವು ಮುಖ್ಯ: ಮೊದಲು ನವೀಕರಣ, ಅನಂತರ ಅಂತರರಾಷ್ಟ್ರೀಯ ಅನುಜ್ಞಾ ಪತ್ರ.

ಎಚ್ಚರಿಕೆ: ಮೂರು, ಐದು ಅಥವಾ ಹತ್ತು ವರ್ಷಗಳ ಅವಧಿಯ "ಅಂತರರಾಷ್ಟ್ರೀಯ ಲೈಸೆನ್ಸ್" ನೀಡುವುದಾಗಿ ಹೇಳುವ ಖಾಸಗಿ ಜಾಲತಾಣಗಳು ಹಾಗೂ ಮಧ್ಯವರ್ತಿಗಳಿದ್ದಾರೆ. ಭಾರತದ ಅಂತರರಾಷ್ಟ್ರೀಯ ಅನುಜ್ಞಾ ಪತ್ರದ ಅವಧಿ ಒಂದು ವರ್ಷಕ್ಕೆ ಮೀರುವುದಿಲ್ಲ. ಅದಕ್ಕಿಂತ ದೀರ್ಘ ಅವಧಿಯ ಪತ್ರವನ್ನು ಯಾರಾದರೂ ನೀಡಿದಲ್ಲಿ ಅದು ಅಮಾನ್ಯವೆಂದು ತಿಳಿಯತಕ್ಕದ್ದು.

3. ಸಂದರ್ಶಕರು ಮತ್ತು ನಿವಾಸಿಗಳು: ನಿಯಮಗಳಲ್ಲಿನ ವ್ಯತ್ಯಾಸ

ಅಂತರರಾಷ್ಟ್ರೀಯ ಅನುಜ್ಞಾ ಪತ್ರವು ಅಲ್ಪಾವಧಿಗೆ ಭೇಟಿ ನೀಡುವವರಿಗಾಗಿ ಇರುವಂಥದ್ದು. ಉದ್ಯೋಗಕ್ಕಾಗಿ ತೆರಳಿ ವಾಸದ ವೀಸಾ ಪಡೆದವರಿಗೆ ಹೆಚ್ಚಿನ ದೇಶಗಳಲ್ಲಿ ಬೇರೆ ನಿಯಮಗಳು ಅನ್ವಯಿಸುತ್ತವೆ.

- ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಸದ ವೀಸಾ ಪಡೆದ ಭಾರತೀಯರು ಅಲ್ಲಿನ ಚಾಲನಾ ಅನುಜ್ಞಾ ಪತ್ರವನ್ನೇ ಪಡೆಯಬೇಕು. ಇದಕ್ಕಾಗಿ ಅಲ್ಲಿ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗುತ್ತದೆ. ಉತ್ತರ ಕನ್ನಡದಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ತೆರಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು.
- ಗ್ರೇಟ್ ಬ್ರಿಟನ್‌ನಲ್ಲಿ ನಿವಾಸಿಯಾದ ದಿನದಿಂದ 12 ತಿಂಗಳವರೆಗೆ ಮಾನ್ಯ ಭಾರತೀಯ ಚಾಲನಾ ಅನುಜ್ಞಾ ಪತ್ರದ ಮೇಲೆ ಕಾರು ಚಲಾಯಿಸಬಹುದು. ತದನಂತರ ಅಲ್ಲಿನ ಅನುಜ್ಞಾ ಪತ್ರ ಅವಶ್ಯಕ.
- ಜರ್ಮನಿಯಲ್ಲಿ ವಾಸ ಆರಂಭಿಸಿದವರಿಗೆ ಈ ಅವಧಿ ಸಾಮಾನ್ಯವಾಗಿ ಆರು ತಿಂಗಳು.
- ಅಮೆರಿಕದಲ್ಲಿ ಈ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ.
- ಜಪಾನ್ 1949ರ ಒಡಂಬಡಿಕೆಯ ಅನುಜ್ಞಾ ಪತ್ರವನ್ನು ಮಾನ್ಯ ಮಾಡುತ್ತದೆ. ಚೀನಾದ ಮುಖ್ಯ ಭೂಭಾಗದಲ್ಲಿ ಅಂತರರಾಷ್ಟ್ರೀಯ ಅನುಜ್ಞಾ ಪತ್ರಕ್ಕೆ ಮಾನ್ಯತೆ ಇಲ್ಲ.

ಆದುದರಿಂದ ಅರ್ಜಿದಾರರು ತಾವು ತೆರಳುವ ದೇಶದ ನಿಯಮವನ್ನು ಆ ದೇಶದ ಅಧಿಕೃತ ಮೂಲದಿಂದಲೇ ತಿಳಿದುಕೊಳ್ಳತಕ್ಕದ್ದು. ಅಲ್ಲಿ ವಾಸವಾಗಿರುವ ಬಂಧುಗಳ ಅನುಭವವು ಉಪಯುಕ್ತವಾದರೂ ಅವರು ಪರವಾನಗಿ ಪಡೆದ ವರ್ಷದ ನಿಯಮ ಇಂದಿಗೂ ಹಾಗೆಯೇ ಇದೆಯೆಂದು ಭಾವಿಸಲಾಗದು.

4. ಸ್ವಂತ ವಾಹನವನ್ನು ಒಯ್ಯುವುದು

ನಮ್ಮ ಭಾಗದ ನಾಗರಿಕರು ಸ್ವಂತ ವಾಹನದಲ್ಲಿ ರಸ್ತೆ ಮಾರ್ಗವಾಗಿ ತೆರಳಲು ಸಾಧ್ಯವಿರುವ ವಿದೇಶಗಳಲ್ಲಿ ನೇಪಾಳ ಹಾಗೂ ಭೂತಾನ ಮುಖ್ಯವಾದವು. ಎರಡೂ ದೇಶಗಳಲ್ಲಿ ಭಾರತದಂತೆ ಎಡಬದಿಯ ಸಂಚಾರವಿದ್ದು, ಭಾರತೀಯ ಚಾಲನಾ ಅನುಜ್ಞಾ ಪತ್ರವನ್ನು ಒಪ್ಪಲಾಗುತ್ತದೆ. ಆದರೆ ಚಾಲಕರಿಗೆ ದೊರೆಯುವ ಈ ರಿಯಾಯಿತಿ ವಾಹನಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ.

ನೇಪಾಳ: ಉತ್ತರ ಪ್ರದೇಶದ ಸೋನೌಲಿ, ಬಿಹಾರದ ರಕ್ಸೌಲ್ ಮುಂತಾದ ಗಡಿ ಠಾಣೆಗಳ ಮೂಲಕ ಪ್ರವೇಶಿಸಬಹುದು. ಹಳಿಯಾಳದಿಂದ ಸೋನೌಲಿಗೆ ರಸ್ತೆ ದೂರ ಸುಮಾರು ಎರಡು ಸಾವಿರ ಕಿಲೋಮೀಟರ್. ಗಡಿಯಲ್ಲಿ ನೇಪಾಳದ ಸುಂಕ ಕಚೇರಿಯಿಂದ 'ಭನ್ಸಾರ್' ಎಂದು ಕರೆಯಲಾಗುವ ಅನುಮತಿಯನ್ನು ದಿನದ ಲೆಕ್ಕದಲ್ಲಿ ಶುಲ್ಕ ಪಾವತಿಸಿ ಪಡೆಯಬೇಕು. ಖಾಸಗಿ ವಾಹನಗಳಿಗೆ ಒಂದು ವರ್ಷದಲ್ಲಿ ಒಟ್ಟು 30 ದಿನಗಳ ಮಿತಿಯಿದೆ. ಅನುಮತಿ ಪಡೆದ ದಿನಗಳಿಗಿಂತ ಹೆಚ್ಚು ಕಾಲ ಉಳಿದಲ್ಲಿ ದಂಡ ವಿಧಿಸಲಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿತದಿಂದ ರಸ್ತೆಗಳು ಮುಚ್ಚುವ ಸಂಭವವಿರುವುದರಿಂದ ಒಂದೆರಡು ದಿನಗಳ ಹೆಚ್ಚುವರಿ ಅನುಮತಿ ಪಡೆಯುವುದು ವಿವೇಕಯುತ.

ಭೂತಾನ: ಪಶ್ಚಿಮ ಬಂಗಾಳದ ಜೈಗಾಂವ್‌ಗೆ ಹೊಂದಿಕೊಂಡಿರುವ ಫುಂಟ್‌ಶೋಲಿಂಗ್ ಪ್ರಮುಖ ಪ್ರವೇಶ ದ್ವಾರ. ಪ್ರಯಾಣಿಕರ ಪ್ರವೇಶ ಪತ್ರ ಹಾಗೂ ವಾಹನದ ಪ್ರವೇಶ ಪತ್ರ ಎರಡನ್ನೂ ಪಡೆಯಬೇಕು. 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದ ನಂತರ ಭಾರತೀಯ ವಯಸ್ಕ ಪ್ರವಾಸಿಗರಿಂದ ತಲಾ ಪ್ರತಿ ರಾತ್ರಿಗೆ ರೂ. 1,200ರಂತೆ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ಪಡೆಯಲಾಗುತ್ತಿದೆ. ವಾಹನಕ್ಕೆ ಪ್ರತ್ಯೇಕ ಶುಲ್ಕವಿರುವುದರಿಂದ ಪ್ರವಾಸದ ವೆಚ್ಚವನ್ನು ಮೊದಲೇ ಲೆಕ್ಕ ಹಾಕತಕ್ಕದ್ದು.

ಎರಡೂ ದೇಶಗಳಿಗೆ ವಯಸ್ಕ ಭಾರತೀಯರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನು ಒಯ್ಯಬೇಕು. ಕೇವಲ ಆಧಾರ್ ಕಾರ್ಡನ್ನು ನಂಬಿ ಹೊರಡಬಾರದು.

ಕಾರ್ನೆಟ್: ಇರಾನ್‌ನಂತಹ ದೇಶಗಳಿಗೆ ವಾಹನವನ್ನು ತಾತ್ಕಾಲಿಕವಾಗಿ ಒಯ್ಯಲು 'ಕಾರ್ನೆಟ್' ಎಂಬ ಸುಂಕ ದಾಖಲೆ ಬೇಕಾಗುತ್ತದೆ. ಇದನ್ನು ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್‌ನಂತಹ ವಾಹನ ಸಂಘವು ಠೇವಣಿ ಅಥವಾ ಬ್ಯಾಂಕ್ ಖಾತರಿಯ ಆಧಾರದ ಮೇಲೆ ನೀಡುತ್ತದೆ. ಇದರ ಅರ್ಥ ಸರಳವಾದುದು: ವಾಹನವನ್ನು ಆ ದೇಶದಲ್ಲಿ ಮಾರಾಟ ಮಾಡದೆ ಹಿಂದಕ್ಕೆ ತರಲಾಗುವುದು, ತರದಿದ್ದಲ್ಲಿ ಅಲ್ಲಿನ ಆಮದು ಸುಂಕವನ್ನು ಖಾತರಿಯ ಹಣದಿಂದ ತುಂಬಲಾಗುವುದು. ಆದುದರಿಂದ ಪ್ರತಿ ಗಡಿಯಲ್ಲಿ ಪ್ರವೇಶದ ಮುದ್ರೆಯಷ್ಟೇ ನಿರ್ಗಮನದ ಮುದ್ರೆಯೂ ಅತ್ಯಗತ್ಯ. ನಿರ್ಗಮನದ ಮುದ್ರೆ ಇಲ್ಲದಿದ್ದಲ್ಲಿ ವಾಹನವು ಮನೆಯ ಅಂಗಳದಲ್ಲಿ ನಿಂತಿದ್ದರೂ ಕಾಗದದ ಪ್ರಕಾರ ಅದು ಆ ದೇಶದಲ್ಲಿಯೇ ಇರುತ್ತದೆ.

ವಾಹನದೊಂದಿಗೆ ಇರಬೇಕಾದ ದಾಖಲೆಗಳು:

- ಮೂಲ ನೋಂದಣಿ ಪ್ರಮಾಣ ಪತ್ರ. ಡಿಜಿಲಾಕರ್ ಪ್ರತಿಯು ಭಾರತದೊಳಗೆ ಮಾನ್ಯವಾಗಿದ್ದರೂ ಅನ್ಯ ದೇಶದ ಅಧಿಕಾರಿಗಳು ಅದನ್ನು ಒಪ್ಪಲೇಬೇಕೆಂದಿಲ್ಲ.
- ವಾಹನವು ಬೇರೊಬ್ಬರ ಹೆಸರಿನಲ್ಲಿದ್ದಲ್ಲಿ, ಅವರು ತಂದೆ ಅಥವಾ ಪತ್ನಿಯೇ ಆಗಿದ್ದರೂ, ನೋಟರಿಯಿಂದ ದೃಢೀಕರಿಸಿದ ಒಪ್ಪಿಗೆ ಪತ್ರ.
- ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಬ್ಯಾಂಕಿನ ನಿರಾಕ್ಷೇಪಣಾ ಪತ್ರ.
- ವಿಮಾ ಪತ್ರ ಹಾಗೂ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ.
- ಎಲ್ಲ ದಾಖಲೆಗಳ ಕನಿಷ್ಠ ನಾಲ್ಕು ಜೆರಾಕ್ಸ್ ಪ್ರತಿಗಳು ಹಾಗೂ ಭಾವಚಿತ್ರಗಳು.

ವಾಹನದ ಹಿಂಭಾಗದಲ್ಲಿ ಭಾರತದ ಅಂತರರಾಷ್ಟ್ರೀಯ ಗುರುತಾದ ಐ, ಎನ್, ಡಿ ಎಂಬ ಮೂರು ಆಂಗ್ಲ ಅಕ್ಷರಗಳನ್ನು ಬಿಳಿಯ ಅಂಡಾಕಾರದ ಹಿನ್ನೆಲೆಯಲ್ಲಿ ಕಪ್ಪು ಬಣ್ಣದಲ್ಲಿ ಅಂಟಿಸತಕ್ಕದ್ದು. 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಕನ್ನಡ ಅಂಕಿಗಳಲ್ಲಿ ಮಾತ್ರ ಬರೆದ ಫಲಕವನ್ನು ಹೊರಗಿನವರು ಓದಲಾರರು.

5. ವಿಮೆ: ಹೆಚ್ಚಿನವರು ಮರೆಯುವ ಅಂಶ

ಭಾರತದಲ್ಲಿ ನೀಡಲಾಗುವ ಮೋಟಾರು ವಿಮಾ ಪತ್ರದಲ್ಲಿ 'ಭೌಗೋಳಿಕ ವ್ಯಾಪ್ತಿ: ಭಾರತ' ಎಂಬ ಸಾಲು ಇರುತ್ತದೆ. ವಾರ್ಷಿಕ ಕಂತನ್ನು ಪೂರ್ಣವಾಗಿ ಪಾವತಿಸಿದ್ದರೂ ಗಡಿಯ ಆಚೆಗೆ ಈ ವಿಮೆ ತಾನಾಗಿಯೇ ಮುಂದುವರಿಯುವುದಿಲ್ಲ.

ಹೆಚ್ಚುವರಿ ಕಂತು ಪಾವತಿಸಿ ಈ ವ್ಯಾಪ್ತಿಯನ್ನು ಬಾಂಗ್ಲಾದೇಶ, ಭೂತಾನ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಹಾಗೂ ಮಾಲ್ಡೀವ್ಸ್ ದೇಶಗಳಿಗೆ ವಿಸ್ತರಿಸಿಕೊಳ್ಳಲು ಭಾರತೀಯ ಮೋಟಾರು ವಿಮಾ ಪದ್ಧತಿಯಲ್ಲಿ ಅವಕಾಶವಿದೆ. ಹೆಚ್ಚುವರಿ ಕಂತು ವಾರ್ಷಿಕ ಕಂತಿನ ಅಲ್ಪ ಭಾಗ ಮಾತ್ರ. ವಾಹನವನ್ನು ಹಡಗು ಅಥವಾ ವಿಮಾನದಲ್ಲಿ ಸಾಗಿಸುವಾಗ ಆಗುವ ಹಾನಿಯು ಈ ವಿಸ್ತರಣೆಯಲ್ಲಿ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ಸಾಗಣೆ ವಿಮೆ ಬೇಕು.

ವಿಸ್ತರಣೆಯನ್ನು ವಿಮಾ ಕಂಪನಿಯಿಂದ ಲಿಖಿತ ಅನುಮೋದನೆಯ ರೂಪದಲ್ಲಿ ಪಡೆದು ಮೂಲ ವಿಮಾ ಪತ್ರದೊಂದಿಗೆ ಇಟ್ಟುಕೊಳ್ಳಬೇಕು. ಪ್ರತಿನಿಧಿಯು ದೂರವಾಣಿಯಲ್ಲಿ ನೀಡಿದ ಭರವಸೆಯನ್ನು ಅವಲಂಬಿಸಬಾರದು. ಮೂರನೇ ವ್ಯಕ್ತಿಯ ಹೊಣೆ ಮಾತ್ರ ಇರುವ ವಿಮೆಯನ್ನು ವಿಸ್ತರಿಸಿದಲ್ಲಿ ಸ್ವಂತ ವಾಹನದ ದುರಸ್ತಿ ವೆಚ್ಚ ದೊರೆಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮೇಲ್ಕಂಡ ಆರು ದೇಶಗಳನ್ನು ಹೊರತುಪಡಿಸಿ ಇತರ ದೇಶಗಳಲ್ಲಿ ಸ್ಥಳೀಯ ಹೊಣೆಗಾರಿಕೆ ವಿಮೆಯನ್ನು ಗಡಿಯಲ್ಲಿ ಅಥವಾ ಮುಂಚಿತವಾಗಿ ಖರೀದಿಸಬೇಕಾಗುತ್ತದೆ. ಯುರೋಪಿನ ಗ್ರೀನ್ ಕಾರ್ಡ್ ವಿಮಾ ವ್ಯವಸ್ಥೆಯಲ್ಲಿ ಭಾರತವು ಸದಸ್ಯ ರಾಷ್ಟ್ರವಲ್ಲ.

ಈ ವಿಷಯದಲ್ಲಿ ಪಣಕ್ಕಿರುವುದು ಕೇವಲ ವಾಹನವಲ್ಲ. ನೇಪಾಳದ ಬೆಟ್ಟದ ರಸ್ತೆಯಲ್ಲಿ ಪಾದಚಾರಿಯೊಬ್ಬರಿಗೆ ಗಾಯವಾದಲ್ಲಿ ಅವರ ಚಿಕಿತ್ಸೆ ಹಾಗೂ ಪರಿಹಾರದ ಮೊತ್ತವನ್ನು ಯಾರಾದರೂ ಭರಿಸಲೇಬೇಕು. ವಿಸ್ತರಿತ ವಿಮೆ ಇಲ್ಲದಿದ್ದಲ್ಲಿ ಆ ಹೊಣೆ ವಾಹನ ಮಾಲೀಕರ ಮೇಲೆ ಬರುತ್ತದೆ. ತೀರ್ಮಾನವಾಗುವವರೆಗೆ ವಾಹನವನ್ನು ತಡೆಹಿಡಿಯುವ ಸಂಭವವೂ ಇದೆ. ಗಾಯಗೊಂಡವರೂ ಒಂದು ಕುಟುಂಬದ ಆಧಾರವಾಗಿರುತ್ತಾರೆ ಎಂಬುದನ್ನು ಮರೆಯಬಾರದು. ಹೆಚ್ಚುವರಿ ಕಂತು ಎರಡೂ ಕುಟುಂಬಗಳಿಗೆ ರಕ್ಷಣೆ.

6. ವಾಹನದ ತಾಂತ್ರಿಕ ಸಿದ್ಧತೆ

ಅಣಶಿ, ಅನಮೋಡ ಹಾಗೂ ಅರಬೈಲು ಘಟ್ಟಗಳಲ್ಲಿ ವಾಹನ ಓಡಿಸಿದವರಿಗೆ ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತಿದರೆ ಅದು ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ತಿಳಿದ ವಿಷಯ. ಹಿಮಾಲಯದ ರಸ್ತೆಗಳಲ್ಲಿ ಇಂತಹ ಇಳಿಜಾರು ಗಂಟೆಗಟ್ಟಲೆ ಮುಂದುವರಿಯುತ್ತದೆ. ಏರುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕೆಂಬ ಘಟ್ಟದ ನಿಯಮ ಅಲ್ಲಿಯೂ ಅನ್ವಯಿಸುತ್ತದೆ. ಹೊರಡುವ ಕನಿಷ್ಠ ಹದಿನೈದು ದಿನ ಮುಂಚೆ ಈ ಕೆಳಗಿನವುಗಳನ್ನು ಪರಿಶೀಲಿಸಿ, ನಂತರ ಐದಾರು ನೂರು ಕಿಲೋಮೀಟರ್ ಓಡಿಸಿ ನೋಡುವುದು ಸೂಕ್ತ. ಇದರಿಂದ ದುರಸ್ತಿಯಲ್ಲಿ ಉಳಿದ ಲೋಪ ಊರಿನಲ್ಲಿಯೇ ಕಂಡುಬರುತ್ತದೆ.

- ಬ್ರೇಕ್ ಪ್ಯಾಡ್ ಹಾಗೂ ಬ್ರೇಕ್ ಆಯಿಲ್, ಕ್ಲಚ್, ಬ್ಯಾಟರಿ, ವೈಪರ್, ಎಂಜಿನ್ ಶೀತಕ ದ್ರವ
- ಸ್ಟೆಪ್ನಿ ಸೇರಿದಂತೆ ಐದೂ ಟಯರ್‌ಗಳು, ಜಾಕ್ ಹಾಗೂ ಪಾನಾ
- ಎಚ್ಚರಿಕೆಯ ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಗ್ನಿಶಾಮಕ, ಹೊಳೆಯುವ ಮೇಲಂಗಿ, ಟಾರ್ಚ್
- ಹೆಚ್ಚುವರಿ ಬಲ್ಬ್, ಫ್ಯೂಸ್, ಬೆಲ್ಟ್ ಹಾಗೂ ಫಿಲ್ಟರ್‌ಗಳು

ಹೆಡ್‌ಲೈಟ್: ಎಡಬದಿಯ ಸಂಚಾರಕ್ಕಾಗಿ ತಯಾರಾದ ವಾಹನದ ಡಿಮ್ ಬೆಳಕು ಎಡಕ್ಕೆ ವಾಲಿರುತ್ತದೆ. ಬಲಬದಿಯ ಸಂಚಾರವಿರುವ ದೇಶದಲ್ಲಿ ಅದೇ ಬೆಳಕು ಎದುರಿನ ಚಾಲಕರ ಕಣ್ಣಿಗೆ ನೇರವಾಗಿ ಬೀಳುತ್ತದೆ. ದೀಪಗಳ ಮೇಲೆ ಅಂಟಿಸುವ ಪಟ್ಟಿಗಳಿಂದ ಅಥವಾ ತಂತ್ರಜ್ಞರಿಂದ ಇದನ್ನು ಸರಿಪಡಿಸಿಕೊಳ್ಳಬೇಕು.

ಇಂಧನ: ಅತಿ ಶೀತ ಪ್ರದೇಶಗಳಲ್ಲಿ ಸಾಮಾನ್ಯ ಡೀಸೆಲ್ ಗಟ್ಟಿಯಾಗುವ ಸಾಧ್ಯತೆಯಿರುವುದರಿಂದ ಚಳಿಗಾಲಕ್ಕೆಂದು ಅಲ್ಲಿಯೇ ಮಾರುವ ಡೀಸೆಲ್ ಬಳಸತಕ್ಕದ್ದು.

ಸಾಮಾನು: ವಾಹನದಲ್ಲಿರುವ ಪ್ರತಿ ವಸ್ತುವಿಗೂ ಚಾಲಕರೇ ಹೊಣೆ. ನಮ್ಮ ಅಡುಗೆ ಮನೆಯ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷೇಧಿತ ವಸ್ತು. ನಿತ್ಯದ ಔಷಧಿಗಳನ್ನು ವೈದ್ಯರ ಚೀಟ್ಟಿಯೊಂದಿಗೆ ಮೂಲ ಪೊಟ್ಟಣದಲ್ಲಿಯೇ ಒಯ್ಯಬೇಕು. ಇತರರು ಕೊಟ್ಟ ಮುಚ್ಚಿದ ಪೊಟ್ಟಣಗಳನ್ನು ಸ್ವೀಕರಿಸಬಾರದು.

7. ಬಾಡಿಗೆ ವಾಹನ ಪಡೆಯುವವರಿಗೆ

ವಿದೇಶಕ್ಕೆ ವಿಮಾನದಲ್ಲಿ ತೆರಳುವ ಹೆಚ್ಚಿನವರು ಅಲ್ಲಿ ಬಾಡಿಗೆ ಕಾರು ಅಥವಾ ಬಂಧುಗಳ ಕಾರನ್ನು ಬಳಸುತ್ತಾರೆ. ಬಾಡಿಗೆ ಒಪ್ಪಂದದಲ್ಲಿ ಹೆಸರು ನಮೂದಾದವರು ಮಾತ್ರ ವಾಹನ ಚಲಾಯಿಸತಕ್ಕದ್ದು. ಅಪಘಾತವಾದಲ್ಲಿ ಬಾಡಿಗೆದಾರರು ಸ್ವತಃ ಭರಿಸಬೇಕಾದ ಮೊತ್ತ ಎಷ್ಟೆಂಬುದನ್ನು ಸಹಿ ಮಾಡುವ ಮುನ್ನ ಓದಬೇಕು. ವಾಹನ ಪಡೆಯುವಾಗಲೂ ಹಿಂದಿರುಗಿಸುವಾಗಲೂ ಎಲ್ಲ ಬದಿಗಳ ಛಾಯಾಚಿತ್ರ ತೆಗೆದುಕೊಳ್ಳುವುದು ಒಳಿತು. ಬಂಧುಗಳ ಕಾರನ್ನು ಚಲಾಯಿಸುವುದಾದಲ್ಲಿ, ಅವರ ವಿಮೆಯಲ್ಲಿ ತಮ್ಮ ಹೆಸರು ಸೇರಿದೆಯೇ ಎಂದು ಸಂಕೋಚವಿಲ್ಲದೆ ಕೇಳತಕ್ಕದ್ದು. ಕಾರನ್ನು ಕೊಡುವವರು ಅಳಿಯನೇ ಆಗಿದ್ದರೂ ಈ ಪ್ರಶ್ನೆ ಅವಶ್ಯಕ.

8. ಚಾಲಕರ ಸಿದ್ಧತೆ

ಹಳಿಯಾಳದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳನ್ನು ಹಾರ್ನ್ ಹಾಕಿ ದಾಟುವುದು, ಜೋಯಿಡಾದ ಕಾಡುದಾರಿಯಲ್ಲಿ ವನ್ಯಪ್ರಾಣಿಗಳಿಗಾಗಿ ನಿಧಾನಿಸುವುದು ಇಲ್ಲಿನ ಚಾಲಕರಿಗೆ ಅಭ್ಯಾಸವಾಗಿದೆ. ಎರಡನೆಯ ಅಭ್ಯಾಸ ವಿದೇಶದಲ್ಲಿಯೂ ಉಪಯುಕ್ತ. ಮೊದಲನೆಯದು ಅನೇಕ ದೇಶಗಳಲ್ಲಿ ಅಸಭ್ಯತೆಯೆನಿಸುತ್ತದೆ.

- ಲೇನ್ ಶಿಸ್ತು: ನಿಗದಿತ ಲೇನಿನಲ್ಲಿಯೇ ಸಾಗುವುದು, ಸೂಚನಾ ದೀಪ ಹಾಕಿ, ಕನ್ನಡಿ ನೋಡಿ ಲೇನ್ ಬದಲಿಸುವುದನ್ನು ಧಾರವಾಡ–ಬೆಳಗಾವಿ ಹೆದ್ದಾರಿಯಲ್ಲಿ ಮುಂಚಿತವಾಗಿ ಅಭ್ಯಾಸ ಮಾಡಬಹುದು.
- ಬಲಬದಿಯ ಸಂಚಾರ: ಕೊಲ್ಲಿ ರಾಷ್ಟ್ರಗಳು, ಅಮೆರಿಕ ಹಾಗೂ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಬಲಬದಿಯ ಸಂಚಾರವಿದೆ. ಚಾಲಕರು ಸದಾ ರಸ್ತೆಯ ಮಧ್ಯರೇಖೆಯ ಬದಿಗೆ ಕುಳಿತಿರಬೇಕು ಎಂಬುದನ್ನು ನೆನಪಿಟ್ಟಲ್ಲಿ ತಪ್ಪುವುದು ಕಡಿಮೆ. ವಾಹನ ದಟ್ಟಣೆಯಲ್ಲಿ ಇತರರನ್ನು ಅನುಸರಿಸುವುದು ಸುಲಭ. ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಹಾಗೂ ನಿರ್ಜನ ರಸ್ತೆಯಲ್ಲಿ ಹಳೆಯ ಅಭ್ಯಾಸ ಮರುಕಳಿಸುತ್ತದೆ.
- ವೇಗ: ಬ್ರಿಟನ್ ಹಾಗೂ ಅಮೆರಿಕದಲ್ಲಿ ವೇಗವನ್ನು ಮೈಲಿಗಳಲ್ಲಿ ಸೂಚಿಸಲಾಗುತ್ತದೆ. 70 ಮೈಲಿ ಎಂದರೆ ಸುಮಾರು 112 ಕಿಲೋಮೀಟರ್.
- ಪಾದಚಾರಿಗಳು: ಥಿಂಫು ನಗರದಲ್ಲಿ ಸಂಚಾರ ದೀಪಗಳೇ ಇಲ್ಲ, ಪ್ರಮುಖ ವೃತ್ತದಲ್ಲಿ ಪೊಲೀಸರು ಕೈಸನ್ನೆಯಿಂದ ಸಂಚಾರ ನಿಯಂತ್ರಿಸುತ್ತಾರೆ. ಜೀಬ್ರಾ ಪಟ್ಟಿಯಲ್ಲಿ ಜನರಿಗೆ ದಾರಿ ಬಿಡುವುದು ಅಲ್ಲಿನ ರೂಢಿ.
- ಶಾಲಾ ಬಸ್ಸು: ಅಮೆರಿಕದಲ್ಲಿ ಕೆಂಪು ದೀಪ ಮಿನುಗಿಸುತ್ತ ನಿಂತ ಶಾಲಾ ಬಸ್ಸನ್ನು ದಾಟುವುದು ಗಂಭೀರ ಅಪರಾಧ.
- ಮಕ್ಕಳು: ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ರೂಢಿ ಅಲ್ಲಿ ಸಲ್ಲದು. ಬ್ರಿಟನ್ನಿನಲ್ಲಿ 12 ವರ್ಷ ವಯಸ್ಸು ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಆಸನ ಕಡ್ಡಾಯ.
- ಮದ್ಯಪಾನ: ಭಾರತದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮಿತಿಯಿದ್ದು, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಯಾವುದೇ ವಿನಾಯಿತಿ ಇಲ್ಲ.

ತುರ್ತು ದೂರವಾಣಿ ಸಂಖ್ಯೆಗಳು: ನೇಪಾಳದಲ್ಲಿ ಪೊಲೀಸ್ 100, ಆಂಬ್ಯುಲೆನ್ಸ್ 102; ಭೂತಾನದಲ್ಲಿ ಪೊಲೀಸ್ 113, ಆಂಬ್ಯುಲೆನ್ಸ್ 112; ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೊಲೀಸ್ 999, ಆಂಬ್ಯುಲೆನ್ಸ್ 998; ಯುರೋಪಿಯನ್ ಒಕ್ಕೂಟದಲ್ಲಿ 112. ಇವುಗಳನ್ನು ಬರೆದು ವಾಹನದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಅಪಘಾತದ ಸಂದರ್ಭದಲ್ಲಿ ಚಾಲಕರೇ ಕರೆ ಮಾಡುವ ಸ್ಥಿತಿಯಲ್ಲಿ ಇರುತ್ತಾರೆಂದು ಹೇಳಲಾಗದು.

9. ಕಾಲಾನುಕ್ರಮ

- ಮೂರು ತಿಂಗಳು ಮುಂಚೆ: ಚಾಲನಾ ಅನುಜ್ಞಾ ಪತ್ರದ ಅವಧಿ, ಹೆಸರು ಹಾಗೂ ವರ್ಗದ ಪರಿಶೀಲನೆ, ನವೀಕರಣ ಅಥವಾ ತಿದ್ದುಪಡಿ.
- ಎರಡು ತಿಂಗಳು ಮುಂಚೆ: ಕಾರ್ನೆಟ್, ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಮಾಲೀಕರ ಒಪ್ಪಿಗೆ ಪತ್ರ.
- ಒಂದು ತಿಂಗಳು ಮುಂಚೆ: ಅಂತರರಾಷ್ಟ್ರೀಯ ಚಾಲನಾ ಅನುಜ್ಞಾ ಪತ್ರಕ್ಕೆ ಅರ್ಜಿ, ವಿಮಾ ವ್ಯಾಪ್ತಿಯ ವಿಸ್ತರಣೆ.
- ಹದಿನೈದು ದಿನ ಮುಂಚೆ: ವಾಹನದ ತಪಾಸಣೆ ಹಾಗೂ ಪರೀಕ್ಷಾರ್ಥ ಓಡಾಟ.
- ಹೊರಡುವ ಹಿಂದಿನ ದಿನ: ದಾಖಲೆಗಳ ಒಂದು ಪೂರ್ಣ ಪ್ರತಿಯನ್ನು ಮನೆಯಲ್ಲಿರುವವರಿಗೆ ಒಪ್ಪಿಸುವುದು.
- ಹಿಂದಿರುಗುವಾಗ: ಗಡಿಯಲ್ಲಿ ನಿರ್ಗಮನ ಮುದ್ರೆ ಹಾಗೂ ರಶೀದಿ ಪಡೆಯುವುದು, ಕಾರ್ನೆಟ್ ಹಿಂದಿರುಗಿಸಿ ಠೇವಣಿ ಬಿಡಿಸಿಕೊಳ್ಳುವುದು.

ಶುಲ್ಕ ಹಾಗೂ ವಿದೇಶಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ಸಂಬಂಧಿತ ದೇಶದ ರಾಯಭಾರ ಕಚೇರಿಯಿಂದ ದೃಢಪಡಿಸಿಕೊಳ್ಳತಕ್ಕದ್ದು. ಅರ್ಜಿದಾರರು ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಚಾಲಕರ ಅರ್ಹತೆ, ವಾಹನದ ಅನುಮತಿ ಹಾಗೂ ವಿಮೆಯ ರಕ್ಷಣೆ ಈ ಮೂರನ್ನೂ ಊರಿನಲ್ಲಿಯೇ ಪೂರ್ಣಗೊಳಿಸಿ ಸುರಕ್ಷಿತವಾಗಿ ತೆರಳಿ, ಸುರಕ್ಷಿತವಾಗಿ ಹಿಂದಿರುಗುವಂತೆ ನಾಗರಿಕರನ್ನು ಕೋರಲಾಗಿದೆ.